ಒದ್ದೆ ಹಾಳೆಯ ಅರ್ಜಿ

ನದಿಯ ದಂಡೆಯ ಆ ಆಶ್ರಮದಲ್ಲಿ ಒಂದು ಹಳೇ ಪ್ರಿಂಟರ್ ಇತ್ತು. ಅದು ಕೆಟ್ಟಾಗಲೆಲ್ಲ ರಿಪೇರಿ ಮಾಡುವ ಒಬ್ಬ ಗುರುಗಳೂ ಇದ್ದರು.

ಗುರುಗಳ ಹೆಸರು ಕರಿಬಸಯ್ಯ. ಆಶ್ರಮಕ್ಕೆ ಬರುವ ಮೊದಲು ಮೂವತ್ತು ವರ್ಷ ಪೇಟೆಂಟ್ ಕಚೇರಿಯಲ್ಲಿ ಕೂತು, ಜನ ಕಂಡುಹಿಡಿದೆವು ಎಂದದ್ದು ನಿಜಕ್ಕೂ ಹೊಸದೋ ಅಲ್ಲವೋ ಎಂದು ಪರೀಕ್ಷಿಸಿದವರು. ಕಾವಿ ಉಟ್ಟವರಲ್ಲ. ಉಪದೇಶ ಬೇಕೆಂದು ಯಾರಾದರೂ ಎದುರು ಕೂತರೆ ಅವರ ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟು, ಸ್ವಲ್ಪ ಹಿಡಿದುಕೊಂಡಿರಿ ಎನ್ನುತ್ತಿದ್ದರು. ಬಹಳ ಜನ ಮತ್ತೆ ಬರುತ್ತಿರಲಿಲ್ಲ.

ಮತ್ತೆ ಮತ್ತೆ ಬರುತ್ತಿದ್ದವಳು ವಾಗ್ದೇವಿ. ಕಚೇರಿಯಲ್ಲಿ ಅವರ ಕೈಕೆಳಗೆ ಕೆಲಸ ಕಲಿತವಳು. ಆಶ್ರಮದವರೆಲ್ಲ ಅವರನ್ನು ಗುರುಗಳೇ ಎಂದರೆ ಇವಳು ಮಾತ್ರ ಹಳೇ ರೂಢಿಯಂತೆ ಸರ್ ಎನ್ನುತ್ತಿದ್ದಳು. ಈಚೆಗೆ ಅವಳಿಗೆ ಬಡ್ತಿ ಸಿಕ್ಕಿತ್ತು. ಪೇಟೆಂಟ್ ಕೊಡುವ ಇಲ್ಲವೇ ತಿರಸ್ಕರಿಸುವ ಆದೇಶಕ್ಕೆ ಈಗ ಅವಳದೇ ಸಹಿ.

ಒಂದು ಶನಿವಾರ ಬೆಳಗ್ಗೆ ಅವಳು ಒಂದು ಅರ್ಜಿಯ ಪ್ರತಿ ಹಿಡಿದುಕೊಂಡು ಬಂದಳು. ಅರ್ಜಿ ಆಗಲೇ ಪ್ರಕಟವಾಗಿತ್ತು, ಗುಟ್ಟಿನದೇನೂ ಅಲ್ಲ. ಬುಧವಾರ ಅದರ ಕೊನೆಯ ವಿಚಾರಣೆ. ತಿರಸ್ಕರಿಸುವುದೆಂದು ಅವಳು ತೀರ್ಮಾನಿಸಿಯಾಗಿತ್ತು. ಆದರೂ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಅರ್ಜಿ ಹಾಕಿದವನು ಕರಾವಳಿಯ ಒಂದು ಊರಿನ ಸುಬ್ರಾಯ ಹರಿಕಂತ್ರ. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಸಮುದ್ರದ ಗಾಳಿಗೆ ಅಲ್ಲಿ ಹಾಳೆಗಳು ಸದಾ ತೇವ, ಪ್ರಿಂಟರ್ ಒಂದು ಹಾಳೆ ಎಳೆದರೆ ಅಂಟಿಕೊಂಡು ಎರಡು ಬರುತ್ತವೆ. ಅವನು ಹಾಳೆ ಇಡುವ ಟ್ರೇಯ ತಳವನ್ನು ಒಂದು ಮೂಲೆಯಲ್ಲಿ ಮಾತ್ರ ಕೆಳಗೆ ಬಾಗುವಂತೆ ಮಾಡಿದ್ದ. ಕಾವಲಿಯಿಂದ ದೋಸೆಯನ್ನು ಒಂದು ಅಂಚಿನಿಂದ ಎಬ್ಬಿಸುವ ಹಾಗೆ, ಮೇಲಿನ ಹಾಳೆ ಮೊದಲು ಆ ಮೂಲೆಯಲ್ಲಿ ಬಿಡಿಸಿಕೊಂಡು ಆಮೇಲೆ ಒಳಗೆ ಹೋಗುತ್ತಿತ್ತು. ಅರ್ಜಿಯನ್ನು ವಕೀಲರಿಲ್ಲದೆ ಅವನೇ ಬರೆದಿದ್ದ. ಹನ್ನೊಂದು ವರ್ಷದ ಕೆಲಸ ಎಂದು ಅದರಲ್ಲಿ ಒಂದು ಕಡೆ ಹೇಳಿಕೊಂಡಿದ್ದ.

ವಾಗ್ದೇವಿ ಹುಡುಕಿ ಎರಡು ಹಳೇ ಪೇಟೆಂಟ್ ತೆಗೆದಿದ್ದಳು. ಒಂದರಲ್ಲಿ ಟ್ರೇಯ ತಳ ಇಳಿಜಾರಾಗಿತ್ತು. ಇನ್ನೊಂದರಲ್ಲಿ ಹಾಳೆಯ ಮೂಲೆಯನ್ನು ಒತ್ತಿಹಿಡಿಯುವ ಕೊಕ್ಕೆ ಇತ್ತು. ಎರಡನ್ನೂ ಕೂಡಿಸಿದರೆ ಹರಿಕಂತ್ರನ ಟ್ರೇ ಆಯಿತು, ಕಸುಬು ಬಲ್ಲ ಯಾರಿಗಾದರೂ ಇದು ಹೊಳೆಯುತ್ತದೆ ಎಂದು ಅವಳ ವಾದ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಅರ್ಜಿಯನ್ನು ಮುಟ್ಟಲಿಲ್ಲ.

"ಮೊದಲು ಯಾವ ಪುಟ ಓದಿದೆ?" ಎಂದರು.

"ಕೊನೇದು ಸರ್. ಅವನು ಯಾವುದಕ್ಕೆ ಹಕ್ಕು ಕೇಳ್ತಿದ್ದಾನೆ ಅನ್ನೋದು ಇರುತ್ತಲ್ಲ, ಅದು. ಎಲ್ಲರೂ ಅದನ್ನೇ ಮೊದಲು ಓದೋದು."

"ಅಲ್ಲಿ ಏನಿತ್ತು?"

"ಟ್ರೇ ಹೇಗಿದೆ ಅಂತ."

"ಅಂದರೆ ಉತ್ತರ."

ಕಚೇರಿಯಲ್ಲಿ ಗುರುಗಳಿಗೊಂದು ಅಭ್ಯಾಸವಿತ್ತು, ಅದು ವಾಗ್ದೇವಿಗೂ ಗೊತ್ತಿತ್ತು. ಹೊಸ ಅರ್ಜಿ ಬಂದರೆ ತೊಂದರೆ ಏನು ಎಂದು ಬರೆದ ಭಾಗವನ್ನಷ್ಟೇ ಓದಿ, ಫೈಲಿಗೆ ದಾರ ಸುತ್ತಿ ಇಡುತ್ತಿದ್ದರು. ಮೂರು ದಿನ ಆ ತೊಂದರೆಗೆ ತಾವೇ ಪರಿಹಾರ ಹುಡುಕುತ್ತಿದ್ದರು. ತಮಗೆ ತೋಚಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ದಾರ ಬಿಚ್ಚುತ್ತಿದ್ದರು. ಕಚೇರಿಯವರು ಇದನ್ನು ಅಯ್ಯನವರ ವ್ರತ ಎಂದು ಆಡಿಕೊಳ್ಳುತ್ತಿದ್ದರು. ನಗುವವರಲ್ಲಿ ವಾಗ್ದೇವಿಯೂ ಇದ್ದಳು.

ಈಗ ಅವಳು ಸಮಜಾಯಿಷಿ ಕೊಟ್ಟಳು. ತಿಂಗಳಿಗೆ ಇಷ್ಟು ಫೈಲು ಮುಗಿಸಬೇಕು, ಮೂರು ದಿನ ಕಟ್ಟಿಟ್ಟು ಕೂತರೆ ಆಗುವುದಿಲ್ಲ ಎಂದಳು. ಅದಲ್ಲದೆ ಹೋದ ವರ್ಷ ಒಂದು ಮಿಕ್ಸಿ ಜಾರಿನ ಮುಚ್ಚಳವನ್ನು ಹೊಸದೆಂದು ಒಪ್ಪಿದ್ದಳು, ಅದು ಯಾವುದೋ ದೇಶದ ಹಳೇ ಕ್ಯಾಟಲಾಗಿನಲ್ಲಿ ಸಿಕ್ಕಿಬಿದ್ದಿತ್ತು. ನಾಲ್ಕು ಜನರ ಎದುರು ತಲೆ ತಗ್ಗಿಸಬೇಕಾಗಿ ಬಂತು. ಅಂದಿನಿಂದ ಯಾವ ಅರ್ಜಿ ಕಂಡರೂ ಇದರಲ್ಲಿ ಹೊಸದೇನಿದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಹೆದರಿದ್ದಳು, ಪಾಪ. ಹೆದರಿಕೆಗೆ ಬಿಗಿ ಎಂದು ಹೆಸರಿಟ್ಟುಕೊಂಡಿದ್ದಳು.

ಗುರುಗಳು ಬೈಯಲಿಲ್ಲ. ಎದ್ದು ಪಕ್ಕದ ಕೋಣೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವಳನ್ನೂ ಒಳಗೆ ಕರೆದರು.

ಮೇಜಿನ ಮೇಲೆ ಆಶ್ರಮದ ಪ್ರಿಂಟರ್ ಇತ್ತು. ಟ್ರೇಯಲ್ಲಿ ಹತ್ತು ಹಾಳೆ ಇಟ್ಟರು. ಎಂಟು ಹಾಳೆ ಒಂದೊಂದಾಗಿ ಸಲೀಸಾಗಿ ಹೋದವು. ಕೊನೆಯ ಎರಡು ಜೊತೆಯಾಗಿಯೇ ಹೋಗಿ ಸಿಕ್ಕಿಕೊಂಡವು. ಇನ್ನೊಮ್ಮೆ ಇಪ್ಪತ್ತು ಇಟ್ಟರು. ಹದಿನೆಂಟು ಸರಿಯಾಗಿ ಹೋದವು, ಕೊನೆಯ ಎರಡು ಮತ್ತೆ ಜೊತೆಗೇ ಹೋದವು.

"ಸರಿಮಾಡು," ಎಂದರು.

"ಈ ಫೈಲಿಗೂ ಇದಕ್ಕೂ ಏನು ಸಂಬಂಧ ಸರ್?"

"ಇದರ ಉತ್ತರ ನೀನು ಓದಿಲ್ಲ."

ವಾಗ್ದೇವಿ ಎಂಜಿನಿಯರಿಂಗ್ ಓದಿದವಳು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಹಾಳೆ ಎಳೆಯುವ ರೋಲರನ್ನು ಸ್ಪಿರಿಟ್ಟಿನಿಂದ ಒರೆಸಿದಳು. ಆಗಲಿಲ್ಲ. ಸ್ಪ್ರಿಂಗನ್ನು ಬಿಗಿ ಮಾಡಿದಳು, ಹಾಳೆ ಹರಿಯಿತು. ಸಡಿಲ ಮಾಡಿದಳು, ಒಂದೂ ಹೋಗಲಿಲ್ಲ. ಹಾಳೆಗಳನ್ನು ಬೀಸಿ ಗಾಳಿಯಾಡಿಸಿದಳು, ಮಗುಚಿ ಇಟ್ಟಳು, ಬೇರೆ ಕಟ್ಟು ಒಡೆದು ನೋಡಿದಳು. ಪಕ್ಕದ ತಡೆಗಳನ್ನು ಒಳಕ್ಕೆ ಸರಿಸಿದಳು.

ಊಟಕ್ಕೆ ಕರೆದರು. ಐದು ನಿಮಿಷ ಎಂದಳು. ಐದು ನಿಮಿಷ ಎರಡು ಗಂಟೆಯಾಯಿತು. ತಣ್ಣಗಾದ ಮುದ್ದೆ ತಿನ್ನುವಾಗಲೂ ಅವಳ ಕಣ್ಣು ರೋಲರಿನ ಮೇಲೆಯೇ ಇತ್ತು. ಕೊನೆಯ ಎರಡಕ್ಕೆ ಮಾತ್ರ ಏನು ರೋಗ ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದಳು. ಗುರುಗಳು ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಂದು ಸಲವೂ ಇಣುಕಲಿಲ್ಲ.

ಸಂಜೆ ಐದಕ್ಕೆ ಅವಳು ಕೈ ಚೆಲ್ಲಿದಳು. ಅಳು ಬರುವಷ್ಟು ಸಿಟ್ಟು ಬಂದಿತ್ತು.

ಗುರುಗಳು ಬಂದು ಜೇಬಿನಿಂದ ಒಂದು ಚೂರು ತೆಗೆದರು. ಬಾಟಲಿಗೆ ಹಾಕುವ ಬಿರಡೆಯ ಕಾರ್ಕು, ಹೆಬ್ಬೆರಳ ಉಗುರಿನಷ್ಟು, ತೆಳ್ಳಗೆ ಕೊಯ್ದದ್ದು. ಅದನ್ನು ಟ್ರೇಯ ತಳದಲ್ಲಿ, ಸರಿಯಾಗಿ ರೋಲರಿನ ಕೆಳಗೆ ಅಂಟಿಸಿದರು. ಬೆಳಗ್ಗೆ ಅವರೇ ಕಿತ್ತು ಇಟ್ಟುಕೊಂಡದ್ದು ಅದು.

ಹತ್ತು ಹಾಳೆ ಇಟ್ಟರು. ಹತ್ತೂ ಒಂದೊಂದಾಗಿ ಹೋದವು.

ವಾಗ್ದೇವಿಗೆ ತಕ್ಷಣ ಅರ್ಥವಾಯಿತು. ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ, ನುಣುಪಾದ ಪ್ಲಾಸ್ಟಿಕ್ಕಿಗೆ ಅಷ್ಟು ಅಂಟುವುದಿಲ್ಲ. ಅದಕ್ಕೇ ಕಟ್ಟಕಡೆಯ ಹಾಳೆ ತನ್ನ ಮೇಲಿನದರ ಜೊತೆ ಜಾರಿಹೋಗುತ್ತದೆ. ಒರಟು ಕಾರ್ಕು ಅದನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತದೆ, ಅಷ್ಟೇ.

"ಇಷ್ಟೇನಾ ಸರ್? ಇದು ಯಾರಿಗಾದರೂ ಹೊಳೆಯುತ್ತೆ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು.

ಗುರುಗಳು ಅವಳ ಮಸಿಯಾದ ಕೈ ನೋಡಿ, ಸೋಪು ಬಚ್ಚಲಲ್ಲಿದೆ ಎಂದರು.

ಕೈ ತೊಳೆದು ಬಂದು ಅವಳು ಕೂತಳು. ನಾಚಿಕೆಯಾಗಿತ್ತು. ತಿರಸ್ಕರಿಸಿದ ಬೇರೆ ಅರ್ಜಿಗಳೂ ಒಂದೊಂದಾಗಿ ನೆನಪಿಗೆ ಬಂದವು. ಅವುಗಳಲ್ಲಿ ಎಷ್ಟಕ್ಕೆ ಉತ್ತರ ನೋಡಿಕೊಂಡು ಲೆಕ್ಕ ಸುಲಭ ಎಂದು ಬರೆದೆನೋ ಎಂದುಕೊಂಡಳು.

"ಸರ್, ಹರಿಕಂತ್ರನ ಉತ್ತರ ನಾನು ಓದಿಯಾಗಿದೆ. ಓದಿದ್ದನ್ನು ಮರೆಯೋದು ಹೇಗೆ?"

"ಮರೆಯೋಕೆ ಆಗಲ್ಲ."

"ಮತ್ತೆ ಬುಧವಾರ ಏನು ಮಾಡಲಿ?"

"ಉತ್ತರ ಗೊತ್ತಿಲ್ಲದೆ ಹನ್ನೊಂದು ವರ್ಷ ಕಳೆದವನೊಬ್ಬ ಇದ್ದಾನಲ್ಲ," ಎಂದು ಗುರುಗಳು ಸುಲಿದ ಅವರೆಕಾಳು ಎತ್ತಿಕೊಂಡು ಅಡಿಗೆಮನೆಗೆ ಹೋದರು.

ಬುಧವಾರದ ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಹರಿಕಂತ್ರ ತನ್ನ ಅಂಗಡಿಯಿಂದಲೇ ಮಾತಾಡಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಐವತ್ತು ದಾಟಿದ ಮುಖ. ಹಿಂದೆ ಯಾರೋ ಆಧಾರ್ ಕಾರ್ಡಿನ ಎರಡು ಪ್ರತಿ ಕೇಳುತ್ತಿದ್ದರು, ಅವನ ಹೆಂಡತಿ ಅವರನ್ನು ಸುಮ್ಮನಿರಿಸುತ್ತಿದ್ದಳು. ಟ್ರೇ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆಯನ್ನು ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಶುರುಮಾಡಿದ.

ವಾಗ್ದೇವಿ ತಡೆದಳು. "ಅದು ನನಗೆ ಅರ್ಥವಾಗಿದೆ. ಇದಕ್ಕೆ ಮೊದಲು ಏನೇನು ಮಾಡಿ ನೋಡಿದಿರಿ, ಯಾವುದು ಯಾವುದು ಆಗಲಿಲ್ಲ, ಅದನ್ನು ಹೇಳಿ."

ಅವನು ಎದ್ದು ಒಳಗೆ ಹೋದ. ಬರುವಾಗ ಎರಡೂ ಕೈಯಲ್ಲಿ ಟ್ರೇಗಳಿದ್ದವು.

ಒಂದೊಂದನ್ನೇ ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ಇದು ಪೂರಾ ಇಳಿಜಾರಿನದು, ಮಳೆಗಾಲದಲ್ಲಿ ಹಾಳೆಗಳೆಲ್ಲ ಒಂದೇ ಕಡೆ ಜಾರಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡವು ಎಂದ. ಇದು ಮೂಲೆಗೆ ಕೊಕ್ಕೆ ಹಾಕಿದ್ದು, ಒಣ ಹಾಳೆಗೆ ಚೆನ್ನ, ತೇವದ ಹಾಳೆಯ ಮೂಲೆ ಕಿತ್ತುಬಂತು ಎಂದ. ಇಳಿಜಾರು, ಕೊಕ್ಕೆ ಎರಡೂ ಸೇರಿಸಿದ್ದೂ ಒಂದಿತ್ತು. ಅದರಲ್ಲಿ ಯಾರದೋ ಜಮೀನಿನ ಪತ್ರ ಸಿಕ್ಕಿ ಹರಿದು, ಅವನು ಕೈಮುಗಿದು ಕ್ಷಮೆ ಕೇಳಬೇಕಾಗಿ ಬಂದಿತ್ತು.

ವಾಗ್ದೇವಿಯ ಪೆನ್ನು ನಿಂತಿತು. ಎರಡು ಹಳೇ ಪೇಟೆಂಟ್ ಕೂಡಿಸಿದರೆ ಇವನ ಟ್ರೇ ಆಗುತ್ತದೆ ಎಂದಿದ್ದಳಲ್ಲ, ಕೂಡಿಸಿದ್ದು ಅಲ್ಲಿ ಅವನ ಕೈಯಲ್ಲಿತ್ತು. ಅದು ಕೆಲಸ ಮಾಡಿರಲಿಲ್ಲ. ಕೊಕ್ಕೆ ಕಿತ್ತುಹಾಕಿ, ಮೇಲೆ ಹಿಡಿಯುವುದನ್ನೇ ಬಿಟ್ಟು, ತಳವನ್ನೇ ಬಗ್ಗಿಸಬೇಕು ಎಂದು ಅವನಿಗೆ ತೋಚಿದ್ದು ಅದಾಗಿ ನಾಲ್ಕು ವರ್ಷಕ್ಕೆ.

ನಲವತ್ತು ನಿಮಿಷ ಅವನು ಮಾತಾಡಿದ. ಅವಳು ಎಲ್ಲವನ್ನೂ ಬರೆದುಕೊಂಡಳು. ಇವೆಲ್ಲ ಯಾಕೆ ಅರ್ಜಿಯಲ್ಲಿ ಇಲ್ಲ ಎಂದು ಕೇಳಿದಳು. ಸೋತದ್ದನ್ನು ಯಾರು ಬರೆಯುತ್ತಾರೆ ಎಂದು ಅವನು ನಾಚಿಕೊಂಡ. ಫೋಟೋ, ತಾರೀಖು ಸಮೇತ ಬರೆದು ಎರಡು ವಾರದೊಳಗೆ ಕಳಿಸಿ ಎಂದಳು.

ಮುಗಿಯುವಾಗ ಅವನು ಹೇಳಿದ: "ಕೊಡದೇ ಇದ್ರೂ ಅಡ್ಡಿಲ್ಲ, ಮೇಡಂ. ಇಷ್ಟು ವರ್ಷಕ್ಕೆ ಒಬ್ರಾದ್ರೂ ಕೇಳಿದ್ರಲ್ಲ."

ಪರದೆ ಆರಿದ ಮೇಲೆ ವಾಗ್ದೇವಿ ಕನ್ನಡಕ ತೆಗೆದಿಟ್ಟು ಅತ್ತಳು.

ಮೂರು ವಾರದ ಮೇಲೆ ಒಂದು ಭಾನುವಾರ ಮತ್ತೆ ಆಶ್ರಮಕ್ಕೆ ಬಂದಳು. ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಹರಿಕಂತ್ರ ಫೋಟೋ, ತಾರೀಖು ಸಮೇತ ಎಲ್ಲ ಕಳಿಸಿದ್ದ. ಅವಳ ಕೈಯಲ್ಲಿ ಆದೇಶದ ಕರಡು ಇತ್ತು. ಪೇಟೆಂಟ್ ಕೊಡುವ ಆದೇಶ. ಸಹಿ ಇನ್ನೂ ಹಾಕಿರಲಿಲ್ಲ.

ಯಾಕೆ ಹಾಕಿಲ್ಲ ಎಂದು ಕೇಳುವ ಮೊದಲೇ ಅವಳು ಹೇಳಿಕೊಂಡಳು. ಅವನ ಮುಖ ಕಣ್ಣ ಮುಂದೆ ಬರುತ್ತದೆ. ಆ ಬಿಳಿ ಅಂಗಿ ಬರುತ್ತದೆ. ಮೊದಲು ಹೆದರಿ ತಿರಸ್ಕರಿಸಲು ಹೊರಟಿದ್ದೆ, ಈಗ ಕರಗಿ ಕೊಡಲು ಹೊರಟೆನೋ ಏನೋ. ಮಿಕ್ಸಿ ಮುಚ್ಚಳದ ಕಥೆ ಮತ್ತೆ ಆಗುತ್ತದೇನೋ ಎಂದಳು.

ಗುರುಗಳು ಕರಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೊದಲ ಪುಟದಲ್ಲಿ ಅರ್ಜಿದಾರರ ಹೆಸರಿದ್ದ ಜಾಗದ ಮೇಲೆ ಅಂಗೈ ಊರಿದರು.

"ಓದು," ಎಂದರು.

ಅವಳು ಅವರ ಕೈ ಮುಚ್ಚದ ಸಾಲಿನಿಂದ ಶುರುಮಾಡಿ ಓದಿದಳು. ತೊಂದರೆ ಏನು, ಹಳೇ ಪೇಟೆಂಟ್‌ಗಳು ಏನು ಹೇಳುತ್ತವೆ, ಅವನ್ನು ಕೂಡಿಸಿದರೆ ತೇವದ ಹಾಳೆ ಯಾಕೆ ಹರಿಯುತ್ತದೆ, ಈ ಟ್ರೇ ಅವೆರಡೂ ತೋರಿಸಿದ ದಾರಿ ಬಿಟ್ಟು ಹೇಗೆ ಹೋಯಿತು. ಎಲ್ಲ ಬಗೆಯ ಕಾಗದಕ್ಕೂ ನಡೆಯುತ್ತದೆ ಎಂದು ಅವನು ಕೇಳಿದ್ದ ದೊಡ್ಡ ಹಕ್ಕನ್ನು ಅವಳು ಹೊಡೆದುಹಾಕಿದ್ದಳು, ಅದಕ್ಕೆ ಸಾಕ್ಷ್ಯ ಇರಲಿಲ್ಲ. ಉಳಿದದ್ದನ್ನು ಒಪ್ಪಿದ್ದಳು. ಓದುತ್ತ ಓದುತ್ತ ಅವಳ ದನಿ ಗಟ್ಟಿಯಾಯಿತು.

"ಈ ಕೈಯ ಕೆಳಗೆ ಒಂದು ದೊಡ್ಡ ಕಂಪನಿಯ ಹೆಸರಿದ್ದರೆ?" ಎಂದು ಗುರುಗಳು ಕೇಳಿದರು.

"ಇಷ್ಟೇ ಕೊಡ್ತಿದ್ದೆ ಸರ್."

"ನಿನಗೆ ಆಗದವರ ಹೆಸರಿದ್ದರೆ?"

ಅವಳು ಯೋಚಿಸಿದಳು. "ಕೊಡ್ತಿದ್ದೆ. ಇದಕ್ಕಿಂತ ಹೆಚ್ಚು ಕೊಡ್ತಿರಲಿಲ್ಲ, ಕಮ್ಮಿನೂ ಕೊಡ್ತಿರಲಿಲ್ಲ."

ಗುರುಗಳು ಕೈ ತೆಗೆದರು. ತಮ್ಮ ಜೇಬಿನ ಪೆನ್ನನ್ನು ಅವಳಿಗೆ ಕೊಟ್ಟರು.

"ಈಗ ಆ ಹೆಸರು ಗಟ್ಟಿಯಾಗಿ ಓದು, ತಾಯಿ. ಯಾರಿಗೆ ಕೊಡ್ತಿದ್ದೀಯ ಅಂತ ಕೈಗೂ ಗೊತ್ತಾಗಲಿ, ಆಮೇಲೆ ಸಹಿ ಹಾಕು."