ಪೈಲ್ವಾನನ ಬೆನ್ನು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಚನ್ನಮಲ್ಲಯ್ಯ ಎಂಬ ಗುರು ಪೆಟ್ಟು ತಿಂದ ಮೈಗಳಿಗೆ ಪಿಲಾಟೀಸ್ ಕಲಿಸುತ್ತಿದ್ದರು. ಚಾಪೆಯ ಮೇಲೆ, ಉಸಿರಿನ ಜೊತೆಗೆ, ನಿಧಾನವಾಗಿ ಮಾಡುವ ವ್ಯಾಯಾಮ.

ಬಸಲಿಂಗ ಎಂಬ ಪೈಲ್ವಾನ ತಮ್ಮನ ಹೆಗಲು ಹಿಡಿದುಕೊಂಡು ಅಲ್ಲಿಗೆ ಬಂದ. ಕುಸ್ತಿಯಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು. ಆಪರೇಷನ್ ಬೇಡ, ಬೆನ್ನಿಗೆ ಬಲ ಬರಬೇಕು ಎಂದು ಡಾಕ್ಟರು ಕಳಿಸಿದ್ದರು.

“ನೆಟ್ಟಗ ನಿಲ್ಲು,” ಅಂದರು ಗುರು.

ಬಸಲಿಂಗ ಎದೆ ಉಬ್ಬಿಸಿ, ಭುಜ ಹಿಂದಕ್ಕೆಳೆದು, ಗದ್ದ ಎತ್ತಿ ನಿಂತ. ನೋವಿಗೆ ಹಲ್ಲು ಕಚ್ಚಿದ್ದ.

“ಎದುರಿಗೆ ಯಾರದಾರ?”

“ಯಾರೂ ಇಲ್ರಿ.”

“ಮತ್ತ ಯಾರ ಜೋಡಿ ಕುಸ್ತಿ?”

ಗುರು ಚಾಪೆ ತೋರಿಸಿದರು.

ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ಆಮೇಲೆ ಒಂದು ಪಾದವನ್ನು ಗೇಣಿನಷ್ಟು ಮೇಲೆತ್ತಬೇಕು. ಸೊಂಟ ಅಲುಗಬಾರದು. ಅಷ್ಟೆ.

ಬಸಲಿಂಗ ನಕ್ಕ. “ದಿನಾ ಐನೂರು ಬೈಠಕ್ ಹೊಡದ ಕಾಲ್ರಿ ಇವು.”

“ಎತ್ತು.”

ಎಂಟನೆಯ ಸಲಕ್ಕೆ ಕಾಲು ಗಡಗಡ ನಡುಗಿತು.

ಮೂರು ವಾರ ಕಳೆಯಿತು. ನೋವು ಇಳಿಯಿತು. ಒಂದು ಬೆಳಿಗ್ಗೆ ಆಶ್ರಮದ ಮುಂದೆ ಗಾಡಿಯಿಂದ ಜೋಳದ ಚೀಲ ಇಳಿಸುತ್ತಿದ್ದವರು ಅವನ ಗುರುತು ಹಿಡಿದರು.

“ಏನ್ರಿ ಪೈಲ್ವಾನ್ರ, ಇದನ್ನ ಎತ್ತತೀರೇನು?”

ಬಸಲಿಂಗ ಬಗ್ಗಿ ಎತ್ತಿದ. ಅಲ್ಲೇ ಕುಸಿದ.

ನಾಲ್ಕು ದಿನ ಮಗ್ಗುಲು ಬದಲಿಸಲಾಗಲಿಲ್ಲ. ಗುರು ಬಂದು ಪಕ್ಕದಲ್ಲಿ ಕೂತಾಗ ಅಂಗೈಯಿಂದ ಮುಖ ಮುಚ್ಚಿಕೊಂಡ.

“ಬೈರಿ ನನಗ.”

“ಯಾಕ?”

“ಮೂರು ವಾರ ಮಾಡಿದ್ದೆಲ್ಲಾ ಹಾಳು ಮಾಡಿಕೊಂಡೆ.”

“ಉಸಿರು ಬಿಡಾಕ ಬರತೈತಿ?”

“ಬರತೈತ್ರಿ.”

“ಬಿಡು ಮತ್ತ.”

ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಬಸಲಿಂಗ ನಗಲಿಲ್ಲ. ಎಷ್ಟು ದಿನ ಬೇಕು ಎಂದೂ ಕೇಳಲಿಲ್ಲ. ಮಳೆಗಾಲ ಹೋಗಿ ಚಳಿ ಬಂತು. ಊಟಕ್ಕೆ ಕೂತಾಗ ಗೋಡೆಗೆ ಒರಗುವುದನ್ನು ಯಾವಾಗ ಬಿಟ್ಟನೋ ಅವನಿಗೇ ಗೊತ್ತಾಗಲಿಲ್ಲ. ಬಡಿಸುವವರು ಹೇಳಿದಾಗ ತಿಳಿಯಿತು.

ಆ ದಿನಗಳಲ್ಲಿ ಗುರವ್ವ ಎಂಬ ಮುದುಕಿ ಆಶ್ರಮಕ್ಕೆ ಬಂದಳು. ಸೊಂಟದ ಮೂಳೆ ಮುರಿದು ಕೂಡಿ ಎಂಟು ತಿಂಗಳಾಗಿತ್ತು. ಡಾಕ್ಟರು ನಡೆ ಅಂದಿದ್ದರು. ಆದರೆ ಬಿದ್ದೇನೆಂಬ ಹೆದರಿಕೆಗೆ ಆಕೆ ಒಮ್ಮೆಯೂ ಒಬ್ಬಳೇ ನಿಂತಿರಲಿಲ್ಲ. ಕೆಲವು ವಾರ ಚಾಪೆಯ ಮೇಲೆ ಕಾಲಿಗೆ ಬಲ ತುಂಬಿಕೊಂಡಳು.

ಒಂದು ದಿನ ಗುರು ಬಸಲಿಂಗನನ್ನು ಕರೆದರು. “ಆಕೀನ ಎಬ್ಬಿಸು.”

ಬಸಲಿಂಗನ ಕೈ ಬೆನ್ನಿಗೆ ಹೋಯಿತು. “ನನ್ನ ಬೆನ್ನು, ಗುರುಗಳ...”

ಗುರು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟರು.

ಅವನು ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಎದುರು ಪಾದ ಅಗಲಿಸಿ ನಿಂತು ಎರಡೂ ಮುಂಗೈ ಚಾಚಿದ. ಉಸಿರು ಬಿಟ್ಟ.

“ಹಿಡಿ ಆಯಿ.”

“ಬಿಡಬ್ಯಾಡಪಾ ಮತ್ತ.”

“ಇಲ್ಲ.”

ಗುರವ್ವ ಎದ್ದಳು. ಆಕೆಯ ಭಾರವೆಲ್ಲ ಅವನ ತೋಳಿಗೆ ಬಂತು. ಬೆನ್ನು ಅದನ್ನು ತಡೆದುಕೊಂಡಿತು. ಎಲ್ಲಿಯೂ ಚಳಕು ಹೊಡೆಯಲಿಲ್ಲ. ಬಸಲಿಂಗನ ಕಣ್ಣು ತುಂಬಿ ಬಂತು.

“ಗುರುಗಳ, ನೋವ ಇಲ್ರಿ! ಸಂಜೀತನಕ ಬೇಕಾದ್ರೂ ಹಿಂಗ ಹಿಡಕೊಂಡ ನಿಲ್ಲತೇನಿ.”

ಗುರು ಮುದುಕಿಯ ಪಾದಗಳನ್ನು ನೋಡುತ್ತಿದ್ದರು.

“ಸಾವಕಾಶ ಕೈ ಸಡಲ ಮಾಡು,” ಅಂದರು. “ಆಕೀನೂ ನಿಲ್ಲಲಿ.”