ತೆಗೆದುಹಾಕಿದ ಬೆಳಕು

ಆಕಾಶ ನೋಡುವವರ ಆಶ್ರಮದಲ್ಲಿ ಬೆಳಗಾಗುವುದೇ ಮಧ್ಯಾಹ್ನ.

ಹೊಳೆದಂಡೆಯ ಅಂಥದೊಂದು ಆಶ್ರಮದಲ್ಲಿ ದೊಡ್ಡ ದೂರದರ್ಶಕದ ಕೋಣೆಗೆ ಒಂದೇ ಕೀಲಿಕೈ ಇತ್ತು. ಅದು ಗುರು ಚಂಪಕಮ್ಮನವರ ಸೊಂಟದಲ್ಲಿ. ನೀಹಾರಿಕೆಯೊಂದನ್ನು ಹಲವು ರಾತ್ರಿ ತುಣುಕು ತುಣುಕಾಗಿ ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಜೋಡಿಸಿ ತೋರಿಸಿದವರಿಗೆ ಮಾತ್ರ ಅದು ಸಿಗುತ್ತಿತ್ತು.

ಶಿಷ್ಯ ಇಂದುಧರ ಅದಕ್ಕಾಗಿ ಎಷ್ಟೋ ಚಳಿಗಾಲ ಸವೆಸಿದ್ದ. ಹೆಸರಿನಲ್ಲೇ ಚಂದ್ರನಿದ್ದರೂ ಅವನಿಗೆ ಚಂದ್ರನನ್ನು ಕಂಡರೆ ಆಗುತ್ತಿರಲಿಲ್ಲ. ಬೆಳದಿಂಗಳ ರಾತ್ರಿಯ ತುಣುಕು ಬೆಳ್ಳಗೆ, ಪಕ್ಕದ್ದು ಕಪ್ಪಗೆ. ಜೋಡಿಸಿದರೆ ತೇಪೆ ಹಾಕಿದ ಕೌದಿ.

ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿಬಂದ.

"ಅಮ್ಮಾ, ಮುಗೀತು. ಎಲ್ಲಿ ಹೊಲಿದಿದೀನಿ ಅಂತ ನೀವೇ ಹುಡುಕಿ."

ಅವರು ಹುಡುಕಿದರು. ಸಿಗಲಿಲ್ಲ. ನಡುವೆ ಕೆಂಪು ನೀಹಾರಿಕೆ, ಸುತ್ತ ಮಸಿಯಂಥ ಕಪ್ಪು.

ಶಿಷ್ಯ ಕೈ ಚಾಚಿದ.

"ತಡಿಯಪ್ಪಾ, ನನ್ನ ಸೊಂಟ ಎಲ್ಲೂ ಓಡಿಹೋಗಲ್ಲ. ಹೊಲಿಗೆ ಹೇಗೆ ಮಾಯ ಮಾಡಿದೆ?"

"ಆಕಾಶ ಎಲ್ಲೆಲ್ಲಿ ಖಾಲಿ ಇದೆ ಅಂತ ಚುಕ್ಕಿ ಇಟ್ಟು ತೋರಿಸಬೇಕು. ಅಲ್ಲಿರೋ ಬೆಳಕೆಲ್ಲ ಬರೀ ಬೆಳದಿಂಗಳು ಅಂದ್ಕೊಂಡು ಕಂಪ್ಯೂಟರು ಇಡೀ ಚಿತ್ರದಿಂದ ಅದನ್ನ ಕಳೆಯುತ್ತೆ."

"ಖಾಲಿ ಅಂತ ಹೇಳಿದ್ದು ಯಾರು?"

"ನಾನೇ."

"ಕಳೆದಿದ್ದನ್ನ ತೋರಿಸು."

"ಅದು ಕಸ, ಅಮ್ಮಾ."

"ಕಸಾನೇ ತೋರಿಸು."

ತೆಗೆದುಹಾಕಿದ ಬೆಳಕಿನ ಚಿತ್ರವನ್ನು ಅವನು ತೆರೆದ. ಮಂಕು ಬೆಳದಿಂಗಳು, ಅಷ್ಟೆ. ಚಂಪಕಮ್ಮ ಅದರ ಹೊಳಪನ್ನು ಏರಿಸಿದರು.

ನಕ್ಷತ್ರಗಳ ನಡುವಿನ ಧೂಳಿನ ಮೋಡವೊಂದು ಮೂಡಿತು. ತೆಳು ಕಂದು ಬಣ್ಣ. ತುಣುಕಿನಿಂದ ತುಣುಕಿಗೆ ಎಲ್ಲೂ ತುಂಡಾಗದೆ ಹೊಳೆಯ ಹಾಗೆ ಹರಿದಿತ್ತು.

ಇಂದುಧರ ಪರದೆಯ ಹತ್ತಿರಕ್ಕೆ ಬಾಗಿದ.

"ಅಷ್ಟು ಮಂದವಾಗಿತ್ತು... ಬೆಳದಿಂಗಳು ಅಂದ್ಕೊಂಡೆ."

"ಚಂದ್ರ ಬಂದಿದ್ದು ಯಾವತ್ತೋ ಒಂದು ರಾತ್ರಿ. ಇದು ದಿನಾ ಬಂದು ಕೂತಿದೆಯಲ್ಲೋ."

ಚಂಪಕಮ್ಮ ಎದ್ದು ಕಾಫಿಗೆ ಹೋದರು. ಕೀಲಿಕೈಯೂ ಜೊತೆಗೇ ಹೋಯಿತು.

ಮಳೆಗಾಲದ ಮೋಡಗಳು ಕವಿಯುವ ಹೊತ್ತಿಗೆ ಅವನು ಮತ್ತೆ ಬಂದ. ಈ ಸಲ ಓಡಿ ಬರಲಿಲ್ಲ, ಕೈಯನ್ನೂ ಚಾಚಲಿಲ್ಲ. ಚಿತ್ರದಲ್ಲಿ ನೀಹಾರಿಕೆಯ ಸುತ್ತ ಕಂದು ಮೋಡ ಹರಡಿತ್ತು.

"ಈ ಮೂಲೇಲಿ ಹೊಲಿಗೆ ಕಾಣುತ್ತೆ ಅಮ್ಮಾ. ಅಳಿಸೋಕೆ ಹೋದರೆ ಮೋಡನೂ ಅಳಿಸಿಹೋಗುತ್ತೆ. ಬಿಟ್ಟುಬಿಟ್ಟೆ."

"ಖಾಲಿ ಜಾಗ ಎಲ್ಲೆಲ್ಲಿ ತೋರಿಸಿದೆ?"

"ಹುಡುಕಿದೆ. ಒಂದೂ ಸಿಗಲಿಲ್ಲ. ತುಣುಕುಗಳ ಅಂಚು ಒಂದರ ಮೇಲೊಂದು ಬರುತ್ತಲ್ಲ, ಅಲ್ಲಿ ಎರಡನ್ನೂ ಹೋಲಿಸಿ ನೋಡ್ತಾ ಹೋದೆ. ಯಾವ ಬೆಳಕು ಒಂದರಲ್ಲಿ ಮಾತ್ರ ಇತ್ತೋ ಅದನ್ನಷ್ಟೇ ತೆಗೆದೆ. ಕೀಲಿಕೈ ಮುಂದಿನ ವರ್ಷ ನೋಡೋಣ ಬಿಡಿ."

ಚಂಪಕಮ್ಮ ಸೊಂಟದಿಂದ ಕೀಲಿಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟರು.

"ಹುಷಾರು, ಒಳಗೆ ಕತ್ತಲೆ. ಏನೂ ಇಲ್ಲ ಅಂದ್ಕೊಂಡು ನುಗ್ಗಬೇಡ."