ಹುಲ್ಲಿನ ಗೊಂಬೆಯನ್ನು ದಡಕ್ಕೆ ತಂದವರು

ನನ್ನ ಹಳೆಯ ದಿನಚರಿಯಲ್ಲಿ ೨೦೧೧ನೆಯ ಇಸವಿ ಜೂನ್ ೯, ಗುರುವಾರ ಎಂದಿದೆ. ಆಗ ನಾನು ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಸುರಕ್ಷತಾ ತರಬೇತಿಯ ಮುಖ್ಯಸ್ಥೆ. ಅಮೋನಿಯ ಸೋರಿದರೆ ಏನು ಮಾಡಬೇಕೆಂದು ಕಾರ್ಮಿಕರಿಗೆ ಕಂಪ್ಯೂಟರ್ ಆಟದ ಮೂಲಕ ಕಲಿಸುವ ಏರ್ಪಾಡನ್ನು ನಾನೇ ತಂದಿದ್ದೆ. ಆ ದಿನ ನನ್ನ ಗುರುಗಳಾದ ಪಂಚಾಕ್ಷರಯ್ಯನವರ ಮನೆಗೆ ಹೋಗಿ, ಹೆಮ್ಮೆಯಿಂದಲೇ ಕೇಳಿದೆ:

"ಗುರುಗಳೇ, ಪಾಠವೆಂದರೆ ತೂಕಡಿಸುತ್ತಿದ್ದವರು ಈಗ ಊಟದ ಹೊತ್ತಾದರೂ ಆಟ ಬಿಟ್ಟೇಳುವುದಿಲ್ಲ. ಇಷ್ಟು ಆಸಕ್ತಿ ಹುಟ್ಟಿದ ಮೇಲೆ ಕಲಿತಂತೆಯೇ ಅಲ್ಲವೇ?"

ಅವರಿಗೆ ಸಿಟ್ಟು ಬಂತು. ಕುಳಿತುಕೋ ಎಂದೂ ಹೇಳದೆ ಕತೆ ಆರಂಭಿಸಿದರು.

ಒಂದು ಹೊಳೆಯ ಕಡವಿನಲ್ಲಿ ಇಪ್ಪತ್ತು ಮಂದಿ ಅಂಬಿಗರಿದ್ದರು. ಅವರಿಗೊಬ್ಬ ಯಜಮಾನ. ನೀರಿಗೆ ಬಿದ್ದವರನ್ನು ಹೇಗೆ ಬದುಕಿಸಿ ತರಬೇಕೆಂದು ಕಲಿಸುವುದು ಅವನ ಹೊಣೆ. ಬಾಯಲ್ಲಿ ಹೇಳಿ ಕಲಿಸುತ್ತಿದ್ದಾಗ ಮೂವರು ಬರುತ್ತಿದ್ದರು, ಉಳಿದವರು ಮರದಡಿ ಮಲಗುತ್ತಿದ್ದರು. ಅವನು ಆಳಿಗೊಂದರಂತೆ ಹುಲ್ಲಿನ ಗೊಂಬೆಗಳನ್ನು ಹೊಲಿಸಿ ಹೊಳೆಯ ನಡುವೆ ಎಸೆದ. ತನ್ನ ಗೊಂಬೆಯನ್ನು ಮೊದಲು ದಡಕ್ಕೆ ತಂದವನಿಗೆ ಕೆಂಪು ರುಮಾಲು ಎಂದ.

ಮರುದಿನದಿಂದ ಇಪ್ಪತ್ತು ಮಂದಿಯೂ ಬಂದರು. ಜ್ವರವಿದ್ದವನೂ ಬಂದ. ನೋಡಲು ಊರೇ ಸೇರಿತು. ಯಜಮಾನ ಬೀಗಿದ.

ಕಾಲು ಹಿಡಿದು ಎಳೆದರೆ ಗೊಂಬೆ ಬೇಗ ಬರುತ್ತದೆಂದು ಅಂಬಿಗರು ನಾಲ್ಕೇ ದಿನದಲ್ಲಿ ಕಂಡುಕೊಂಡರು. ಒಬ್ಬ ಮಾತ್ರ ಗೊಂಬೆಯ ತಲೆಯನ್ನು ನೀರಿನ ಮೇಲೆ ಎತ್ತಿಹಿಡಿದು ನಿಧಾನವಾಗಿ ಈಜುತ್ತಿದ್ದ. ದಿನವೂ ಅವನೇ ಕೊನೆ. ಬಂದನಪ್ಪ ಗೊಂಬೆಯ ಗಂಡ, ಹೆಂಡತಿಯ ಮುಡಿ ನೆನೆಯಬಾರದಂತೆ ಎಂದು ಮಿಕ್ಕವರು ಹಂಗಿಸುತ್ತಿದ್ದರು. ಯಜಮಾನನೂ ನಕ್ಕ. ಸರಿಯಾಗಿ ತರುತ್ತಿದ್ದವನು ಇವನೊಬ್ಬನೇ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕ, ಅದನ್ನು ಮರೆಯಬೇಡ. ತಿದ್ದಲು ಹೋದರೆ ಆಟ ಕೆಡುತ್ತದೆ, ಜನ ಮತ್ತೆ ಮರದಡಿಗೆ ಹೋಗುತ್ತಾರೆ ಎಂಬ ಭಯ ಅವನಿಗೆ. ತಿಂಗಳು ತುಂಬುವಷ್ಟರಲ್ಲಿ ಆ ಅಂಬಿಗನೂ ಕಾಲು ಹಿಡಿದ. ಕೆಂಪು ರುಮಾಲು ಅವನ ತಲೆಗೇ ಬಂತು.

ಒಂದು ದಿನ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ದೋಣಿಯಿಂದ ಹೊಳೆಗೆ ಬಿದ್ದಳು. ರುಮಾಲಿನವನು ಎಲ್ಲರಿಗಿಂತ ಮೊದಲು ನೆಗೆದ. ಬಹಳ ಬೇಗ ದಡಕ್ಕೆ ತಂದ. ಕಾಲು ಹಿಡಿದು ತಂದ. ದಡ ಮುಟ್ಟುವಾಗ ಅವಳಲ್ಲಿ ಉಸಿರಿರಲಿಲ್ಲ. ಇದರ ಎರಡರಷ್ಟು ಹೊತ್ತು ತೆಗೆದುಕೊಂಡಿದ್ದರೂ, ತಲೆ ನೀರಿನ ಮೇಲಿದ್ದಿದ್ದರೆ ಅವಳು ಬದುಕುತ್ತಿದ್ದಳು.

ಅವಳ ಗಂಡ ಬಂದು ಕೇಳಿದ: "ತಲೆ ಎತ್ತಿ ಹಿಡಿಯಬೇಕೆಂದು ನಿನಗೆ ತಿಳಿಯದೇನಯ್ಯ?"

ಅಂಬಿಗ ಹೇಳಿದ: "ಮೊದಲು ಹಾಗೇ ಹಿಡಿಯುತ್ತಿದ್ದೆನಣ್ಣ. ಹಾಗೆ ಹಿಡಿದಾಗಲೆಲ್ಲ ಸೋಲುತ್ತಿದ್ದೆ."

ಇಷ್ಟು ಹೇಳಿ ಗುರುಗಳು ನನ್ನನ್ನೇ ನೋಡಿದರು. ನನಗೂ ಸಿಟ್ಟು ಬಂದಿತ್ತು. ಆ ಯಜಮಾನ ಹೊಣೆಗೇಡಿ, ನಮ್ಮ ಆಟವನ್ನು ಬಲ್ಲವರು ರೂಪಿಸಿದ್ದಾರೆ, ಯಾರು ಎಷ್ಟು ನಿಮಿಷ ಆಡಿದರೆಂಬ ದಾಖಲೆಯೂ ನನ್ನ ಬಳಿ ಇದೆ ಎಂದು ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿನ್ನ ಆಟದಲ್ಲಿ ಅಂಕ ಯಾವುದಕ್ಕೆ?"



ಅಂಕವಿದ್ದುದು ವಾಲ್ವನ್ನು ಎಷ್ಟು ಬೇಗ ಮುಚ್ಚಿದರು ಎಂಬುದಕ್ಕೆ. ಕಣ್ಣು, ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿಕೊಳ್ಳಲು ನಿಂತವರು ಹಿಂದೆ ಬೀಳುತ್ತಿದ್ದರು. ಮೇಲಿನವರನ್ನು ಒಪ್ಪಿಸಿ ಆ ಆಟವನ್ನು ನಿಲ್ಲಿಸಲು ನನಗೆ ಹದಿನೇಳು ದಿನ ಹಿಡಿಯಿತು. ಹದಿಮೂರನೆಯ ದಿನ ಅಮೋನಿಯ ಸೋರಿತು. ಪಂಪ್ ವಿಭಾಗದ ಚನ್ನವೀರಪ್ಪ ಎಲ್ಲರಿಗಿಂತ ಮೊದಲು ಓಡಿ ವಾಲ್ವ್ ಮುಚ್ಚಿದ. ಅವನ ಎರಡು ಕಣ್ಣೂ ಹೋದವು.